ಕತ್ತಲೆ ಕೋಣೆಯ ಬಾಗಿಲು

ಶುಕ್ರವಾರ, ಮಾರ್ಚ್ ೮

ಗುಬ್ಬೀ,

ಅಕ್ಕನ ಪತ್ರ ಎಂದರೆ ನಾಲ್ಕು ಸಾಲು, ಅದರಲ್ಲಿ ಮೂರು ಅಮ್ಮನ ಮಂಡಿನೋವಿನದು ಎಂದು ನಗುತ್ತೀಯಲ್ಲ, ಇದು ಆ ಥರದ್ದಲ್ಲ. ಅಮ್ಮ ಚೆನ್ನಾಗಿದ್ದಾಳೆ. ಶಾಲೆ ಬಿಟ್ಟು ನೀನು ಪಾಠ ಹೇಳುವ ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಒಬ್ಬಳೇ ಕುಳಿತು ಓದು. ಫೋನಿನಲ್ಲೇ ಹೇಳಿಬಿಡೋಣವೆಂದು ಈ ವಾರ ಎರಡು ಸಲ ಕರೆ ಮಾಡಿದೆ. ನಿನ್ನ ದನಿ ಕೇಳಿದ ಕೂಡಲೇ ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ. ಹೇಳಬೇಕಾದ್ದು ಅಷ್ಟು ನಾಚಿಕೆಗೇಡಿನದು.

ಮಂಗಳವಾರ ಹೊಸ ಸಂಶೋಧನಾ ವಿದ್ಯಾರ್ಥಿನಿ, ನಿನ್ನ ಗೈಡ್ ಹತ್ತಿರವೇ ಸೇರಿರುವ ಹುಡುಗಿ, ನನ್ನ ಉಪಕರಣಗಳ ಕೋಣೆಗೆ ಓಡಿಬಂದಳು. ಕೈಯೆಲ್ಲ ಮಣ್ಣು. "ಮೇಡಂ, ಬನ್ನಿ ಬನ್ನಿ, ಹೂ ಬಿಟ್ಟಿದೆ!" ಎಂದು ನನ್ನನ್ನು ಎಳೆದುಕೊಂಡೇ ಹೋದಳು. ನಮ್ಮ ಕತ್ತಲೆ ಕೋಣೆಯಲ್ಲಿ ಮೂವತ್ತು ಕುಂಡ. ಎಲ್ಲದರಲ್ಲೂ ನಿನ್ನದೇ ಆ ಬೇಲಿ ಬದಿಯ ಗಿಡ. ಎಳ್ಳಿನಷ್ಟು ಸಣ್ಣ ಬಿಳಿ ಹೂ, ಒಂದು ಕುಂಡವೂ ತಪ್ಪಿಲ್ಲ. ಬೆಳಕು ಸೋಕದ ಹದಿನಾಲ್ಕು ಗಂಟೆಯ ಕತ್ತಲು, ಸಾಲಾಗಿ ಏಳು ದಿನ, ಅಷ್ಟು ಸಾಕು ಈ ಗಿಡಕ್ಕೆ ಎಂದು ಯಾರೂ ನಂಬದಿದ್ದಾಗ ನೀನು ಹೇಳುತ್ತಿದ್ದೆಯಲ್ಲ, ಸರಿಯಾಗಿ ಅಷ್ಟೇ ಸಾಕಾಗಿದೆ.

ಆ ಹುಡುಗಿ ಖುಷಿಯಲ್ಲಿ ಇನ್ನೂ ಒಂದು ಮಾತು ಹೇಳಿದಳು. "ಒಂಬತ್ತು ವರ್ಷದ ಹಿಂದೆ ಇಲ್ಲೇ ಯಾರೋ ಮಾಡಿದ್ರಂತೆ ಮೇಡಂ, ಒಂದೂ ಹೂ ಬಿಡ್ಲಿಲ್ವಂತೆ. ಏನೋ ಎಡವಟ್ಟು ಮಾಡ್ಕೊಂಡಿರ್ಬೇಕು, ಪಾಪ." ಈಗ ಬರೆಯುತ್ತಿರುವ ಲೇಖನದಲ್ಲಿ ನಿನ್ನ ಹೆಸರು ಹಾಕಿ ಅದನ್ನೇ ಸಭ್ಯ ಭಾಷೆಯಲ್ಲಿ ಬರೆದಿದ್ದಾಳೆ. ನೀನು ನನ್ನ ಒಡಹುಟ್ಟಿದವಳು ಎಂದು ಅವಳಿಗೆ ಗೊತ್ತಿಲ್ಲ. ಹೌದಾ ಎಂದೆ. ಅಷ್ಟೇ ಅಂದೆ.

ಎಡವಟ್ಟು ಮಾಡಿದ್ದು ನೀನಲ್ಲ ಗುಬ್ಬಿ, ನಾನು.

ಪರಿಶೀಲನಾ ಸಮಿತಿ ಬಂದ ವಾರ ನೆನಪಿದೆಯಾ? ವಿಭಾಗಕ್ಕೆ ವಿಭಾಗವೇ ಮದುವೆ ಮನೆಯಾಗಿತ್ತು. ಗಾಜಿನ ಸಾಮಾನು ಆವಿಯಲ್ಲಿ ಶುದ್ಧ ಮಾಡುವ, ಕೆಟ್ಟು ಕೂತಿದ್ದ ಆಟೋಕ್ಲೇವಿಗೆ ಬಣ್ಣ ಬಳಿದೆವು. ಇದ್ದ ಇಪ್ಪತ್ತು ಸೂಕ್ಷ್ಮದರ್ಶಕಗಳನ್ನು ಮೊದಲು ಕೆಳಗಿನ ಬೋಧನಾ ಪ್ರಯೋಗಾಲಯದಲ್ಲಿ ತೋರಿಸಿ, ಸಮಿತಿಯವರು ಚಹಾ ಕುಡಿಯುವಷ್ಟರಲ್ಲಿ ಹಿಂಬದಿ ಮೆಟ್ಟಿಲಿನಲ್ಲಿ ಹೊತ್ತುಕೊಂಡು ಹೋಗಿ ಮೇಲಿನ ಸಂಶೋಧನಾ ಕೋಣೆಯಲ್ಲಿ ಇಟ್ಟೆವು. ಅವರು ನಲವತ್ತು ಎಂದು ಬರೆದುಕೊಂಡು ಹೋದರು. ನಾವಿಬ್ಬರೂ ಆ ಸಂಜೆ ಹೊಟ್ಟೆ ಹಿಡಿದುಕೊಂಡು ನಕ್ಕೆವಲ್ಲ. ನಾನು ನಗುತ್ತಲೇ ಒಂದು ವಿಷಯ ಮುಚ್ಚಿಟ್ಟಿದ್ದೆ.

ಸಮಿತಿಗೆ ಕತ್ತಲೆ ಕೋಣೆಯನ್ನೂ ತೋರಿಸಬೇಕು ಎಂದು ಮುಖ್ಯಸ್ಥರು ಹಟ ಹಿಡಿದಿದ್ದರು. ಅದಕ್ಕೆ ಐದು ದಿನ ತಾಲೀಮು, ಬೆಳಿಗ್ಗೆ ಹನ್ನೊಂದಕ್ಕೆ. ಹಗಲು ನಿನಗೆ ಪಾಠದ ಕೆಲಸವಿದ್ದದ್ದರಿಂದ ನಿನ್ನ ಗಿಡಗಳಿಗೆ ರಾತ್ರಿ ಬೆಳಕು, ಬೆಳಗಿನ ಜಾವ ನಾಲ್ಕರಿಂದ ಸಂಜೆ ಆರರವರೆಗೆ ಕತ್ತಲು. ಹನ್ನೊಂದೆಂದರೆ ಅವುಗಳಿಗೆ ನಡುರಾತ್ರಿ. ನೀನು ಆ ಹೊತ್ತಿನಲ್ಲಿ ಕೆಳಗೆ ಮೊದಲ ವರ್ಷದವರಿಗೆ ಈರುಳ್ಳಿ ಬೇರಿನ ತುದಿಯನ್ನು ಗಾಜಿನ ಪಟ್ಟಿಯ ಮೇಲೆ ಹಿಸುಕುವುದನ್ನು ಕಲಿಸುತ್ತಿದ್ದೆ. ಬೀಗದಕೈ ನನ್ನ ಬಳಿ ಇತ್ತು.

ಮೊದಲ ದಿನ ನಾನು ನೀನು ಕಟ್ಟಿದ್ದ, ಗಿಡದ ಕತ್ತಲು ಕೆಡಿಸದ ಮಬ್ಬು ಹಸಿರು ದೀಪವನ್ನೇ ಹಾಕಿದೆ. ಮುಖ್ಯಸ್ಥರಿಗೆ ಸಿಟ್ಟು ಬಂತು. "ಏನಮ್ಮಾ ಇದು, ದೆವ್ವದ ಮನೆ ಥರ? ಲೈಟ್ ಹಾಕು, ಎಷ್ಟು ಕುಂಡ ಇದೆ ಅಂತ ಕಾಣ್ಲಿ" ಅಂದರು. ನಾನು ಟ್ಯೂಬ್‌ಲೈಟ್ ಹಾಕಿದೆ. ಮರುದಿನ ಅವರು ಹೇಳುವ ಮೊದಲೇ ಹಾಕಿದೆ. ಒಟ್ಟು ಆರು ದಿನ. ಬಾಗಿಲಿಗೆ ನೀನು ಅಂಟಿಸಿದ್ದ ಹಾಳೆಯಲ್ಲಿ, ಒಳಗೆ ಹೋದವರು ಸಹಿ ಮಾಡಬೇಕಾದ ಜಾಗದಲ್ಲಿ, ಒಂದು ದಿನವೂ ಸಹಿ ಮಾಡಲಿಲ್ಲ. ಕೊನೆಗೆ ಸಮಿತಿಯವರು ಒಳಗೆ ನಿಂತದ್ದು ಎರಡೇ ನಿಮಿಷ. ಅವರಲ್ಲೊಬ್ಬರು ಕೇಳಿದ ಒಂದೇ ಪ್ರಶ್ನೆ, ಎಸಿ ಎಷ್ಟು ಟನ್ನಿನದು ಎಂದು.

ಗೊತ್ತಿರಲಿಲ್ಲ ಎನ್ನಲು ನನಗೆ ಬಾಯಿಲ್ಲ. ಪ್ರತಿವರ್ಷ ಎರಡನೇ ವರ್ಷದವರ ಪ್ರಯೋಗಕ್ಕೆ ಎರಡು ಕುಂಡ ಜೋಡಿಸಿ, ಒಂದಕ್ಕೆ ಕತ್ತಲಿನ ನಡುವೆ ಐದು ನಿಮಿಷ ಟಾರ್ಚ್ ಹಿಡಿದು, ಅದು ಹೂ ಬಿಡುವುದಿಲ್ಲ ಎಂದು ತೋರಿಸಲು ಸಿದ್ಧ ಮಾಡುವವಳು ನಾನೇ. ಆದರೆ ನನ್ನ ಕೆಲಸ ಆ ವರ್ಷ ಕಾಯಂ ಆಗಬೇಕಿತ್ತು, ವರದಿ ಬರೆಯುವವರು ಮುಖ್ಯಸ್ಥರು. ನಿನಗೆ ಹೇಳಿದ್ದರೆ ನೀನು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದೆ. ಅದಕ್ಕೇ ಹೇಳಲಿಲ್ಲ. ಇನ್ನೊಂದನ್ನೂ ಬರೆದುಬಿಡುತ್ತೇನೆ. ನನ್ನನ್ನು ಡಿಪ್ಲೊಮಾಕ್ಕೇ ನಿಲ್ಲಿಸಿ ನಿನ್ನನ್ನು ಓದಿಸಿದರು ಎಂಬ ಹೊಟ್ಟೆಕಿಚ್ಚು ಎಲ್ಲೋ ಒಂದು ಮೂಲೆಯಲ್ಲಿ ಇತ್ತು. ನಿನ್ನ ಗಿಡಕ್ಕೆ ಎರಡು ನಿಮಿಷ ಬೆಳಕು ಬಿದ್ದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂದು ಅಂದುಕೊಂಡಾಗ, ಆ ಕಿಚ್ಚೂ ಸೇರಿಯೇ ಅಂದುಕೊಂಡದ್ದು.

ಆಮೇಲೆ ಮೂರು ವಾರ ನೀನು ಕೈಮಸೂರ ಹಿಡಿದು ಮೊಗ್ಗು ಹುಡುಕಿದೆ. ಎಲೆ, ಎಲೆ, ಬರೀ ಎಲೆ. ಸಮಿತಿ ಬಂದಾಗ ಊರಲ್ಲಿರದಿದ್ದ ಗೈಡ್ ನನ್ನನ್ನು ಕರೆದು, ಆ ವಾರ ಕೋಣೆಯಲ್ಲಿ ಏನಾದರೂ ಹೆಚ್ಚುಕಡಿಮೆ ಆಯಿತಾ ಎಂದು ಕೇಳಿದರು. ನಾನು ಸುಮ್ಮನಿದ್ದೆ. ನಿನ್ನ ಅವಧಿ ಮುಗಿಯುತ್ತಾ ಬಂದಿತ್ತು, ಅವರು ಇನ್ನೊಂದು ವರ್ಷ ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂದು ನೀನು ಜಗಳವನ್ನೂ ಆಡಲಿಲ್ಲ. ಗಿಡಗಳನ್ನೆಲ್ಲ ನೀನೇ ಕಿತ್ತು ಗೊಬ್ಬರದ ಗುಂಡಿಗೆ ಹಾಕಿ ಬಂದು, ನಲ್ಲಿಯ ಹತ್ತಿರ ನನ್ನ ಪಕ್ಕದಲ್ಲಿ ಕುಳಿತು ಕುಂಡ ತೊಳೆದೆ. "ನಂಗೆ ಗಿಡ ಅರ್ಥಾನೇ ಆಗಿಲ್ಲ ಅನ್ಸುತ್ತೆ ಕಣೇ ಅಕ್ಕಾ" ಅಂದೆ. ಹೋಗಲಿ ಬಿಡು, ಎಲ್ಲರ ಹಣೆಯಲ್ಲೂ ಪಿಎಚ್‌ಡಿ ಬರೆದಿರುವುದಿಲ್ಲ ಎಂದು ನಾನು ಬೆನ್ನು ಸವರಿದೆ. ಅದನ್ನು ನೆನೆದರೆ ಈಗಲೂ ನನ್ನ ಕೈಯನ್ನು ಎಲ್ಲಾದರೂ ಬಚ್ಚಿಡೋಣ ಎನಿಸುತ್ತದೆ.

ಸೋಮವಾರ ಗೈಡ್ ಹತ್ತಿರ ಹೋಗಿ ಆ ಆರು ದಿನಗಳ ವಿಷಯ ಹೇಳುತ್ತೇನೆ. ಬರೆದು ಸಹಿ ಮಾಡಿಯೂ ಕೊಡುತ್ತೇನೆ. ಆ ಹುಡುಗಿ ತನ್ನ ಲೇಖನದ ಸಾಲನ್ನು ತಿದ್ದಬೇಕು, ಏಳು ದಿನ ಸಾಕು ಎಂದು ಮೊದಲು ಹೇಳಿದವಳು ನೀನು ಎಂದು ಸೇರಿಸಬೇಕು. ನನ್ನ ಕೆಲಸಕ್ಕೆ ಏನಾದರೂ ಆಗಲಿ. ಇದರಿಂದ ನಿನ್ನ ಒಂಬತ್ತು ವರ್ಷ ತಿರುಗಿ ಬರುವುದಿಲ್ಲ ಎಂದು ಗೊತ್ತು. ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ. ಉತ್ತರ ಬರೆಯದಿದ್ದರೆ ಅದನ್ನೇ ಉತ್ತರ ಎಂದುಕೊಳ್ಳುತ್ತೇನೆ.

ಅಕ್ಕ ಎನ್ನಿಸಿಕೊಳ್ಳಲು ನಾಚುತ್ತಾ,
ನಿನ್ನ ಅಕ್ಕ

ಮರೆತಂತೆ ನಟಿಸಿ ಬಿಟ್ಟದ್ದು: ಲಕೋಟೆ ಅಂಟಿಸಿದ್ದೆ, ಹರಿದು ಇದನ್ನು ಸೇರಿಸುತ್ತಿದ್ದೇನೆ. ಗೈಡ್ ಕೇಳಿದಾಗ ಸುಮ್ಮನಿದ್ದೆ ಎಂದು ಮೇಲೆ ಬರೆದದ್ದು ಸುಳ್ಳು. "ಬೇರೆ ಯಾರೂ ಹೋಗಿಲ್ಲ ಸಾರ್. ಅವಳೇ ಎರಡು ಮೂರು ದಿನ ಟೈಮರ್ ಹಾಕೋದು ಮರ್ತುಬಿಟ್ಟಿದ್ಲು, ಬೆಳಿಗ್ಗೆ ನಾನೇ ಬಂದು ಲೈಟ್ ಆರಿಸ್ದೆ" ಅಂದೆ. ಒಡಹುಟ್ಟಿದ ಅಕ್ಕನೇ ಹಾಗೆ ಹೇಳಿದ ಮೇಲೆ ಅವರು ಇನ್ಯಾರನ್ನು ಕೇಳಬೇಕಿತ್ತು? ಇನ್ನೊಂದು ವರ್ಷ ಕೊಡಿ ಎಂಬ ನಿನ್ನ ಅರ್ಜಿ ಆಗಲೂ ಅವರ ಮೇಜಿನ ಮೇಲೇ ಇತ್ತು. ಪೆನ್ನಿನ ಮುಚ್ಚಳ ತೆಗೆದು ಕುಳಿತಿದ್ದವರು, ನನ್ನ ಮಾತು ಕೇಳಿ ಮುಚ್ಚಳ ಹಾಕಿದರು.