ಯುಟಿಲಿಟಿಯ ಬಿಸಿಗಾಳಿ

ನಾಗಸಂದ್ರ
೨೮ ಏಪ್ರಿಲ್ ೨೦೨೪

ಪ್ರೀತಿಯ ಮರಿಯಮ್ಮನಿಗೆ,

ನಿನ್ನ ವತ್ಸಲಾಳ ನೆನಪುಗಳು. ಕೆಜಿಎಫ್‌ನಲ್ಲಿ ನೀನು, ಮಗಳು, ಅಳಿಯ ಎಲ್ಲ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಈಸ್ಟರ್‌ಗೆ ನೀನು ಕಳಿಸಿದ ಕೇಕು ಬಂತು, ಮುಗಿದೂ ಹೋಯಿತು. ನಾನು ಮಾತ್ರ ಒಂದು ಸಾಲು ಬರೆಯಲಿಲ್ಲ. ಎಷ್ಟು ಬೇಕಾದರೂ ಬೈದುಕೋ. ಫೋನಿನಲ್ಲಿ ನಿನಗೆ ಕಿವಿ ಕೇಳುವುದಿಲ್ಲ, ನಾನು ಕಿರುಚಿಕೊಂಡರೆ ಇಡೀ ಬೀದಿಗೆ ಕೇಳುತ್ತದೆ. ಅದಕ್ಕೇ ಈ ಕಾಗದ.

ಸುದ್ದಿ ಏನೆಂದರೆ, ನಮ್ಮ ಮನೆಗೆ ಎಸಿ ಬಂತು. ನಗಬೇಡ. ಈ ವರ್ಷದ ಸೆಕೆ ನಮ್ಮ ಬೆಂಗಳೂರಿನದಲ್ಲವೇ ಅಲ್ಲ ಕಣೇ. ಫ್ಯಾನ್ ಹಾಕಿದರೆ ಬಿಸಿಗಾಳಿ, ಆರಿಸಿದರೆ ಬೆವರು. ಸೊಸೆ ಸುಕೃತಿ ಹಾಲ್‌ನಲ್ಲಿ ಕೂತು ಆಫೀಸಿನ ಕೆಲಸ ಮಾಡುತ್ತಾಳೆ, ಅವಳ ಮುಖ ನೋಡಿ ನನಗೇ ಪಾಪ ಎನಿಸಿತ್ತು. ಮಗ ಶ್ರೀಕರ್ ಎಸಿ ಹಾಕಿಸೋಣ ಎಂದಾಗ ನಾನೇ ಮೊದಲು ಹೂಂ ಅಂದೆ. ಎಸಿ ಎಂದರೆ ನಿನಗೂ ನನಗೂ ಹೊಸತೇ? ವಾಚ್ ಫ್ಯಾಕ್ಟರಿಯ ಅಸೆಂಬ್ಲಿ ಹಾಲಿನಲ್ಲಿ ಒಂದೇ ಶಾಲನ್ನು ಇಬ್ಬರ ಮೊಣಕಾಲಿಗೂ ಹೊದ್ದುಕೊಂಡು ಅರ್ಧ ಆಯಸ್ಸು ಕಳೆದವರು ನಾವು.

ಹೂಂ ಅಂದದ್ದೇ ತಪ್ಪಾಯಿತು. ನಮ್ಮವರ ಸ್ವಭಾವ ನಿನಗೆ ಗೊತ್ತಲ್ಲ. ರಿಟೈರ್ ಆದರೂ ರಾಮಪ್ರಸಾದರೊಳಗಿನ ಇನ್ಸ್‌ಪೆಕ್ಷನ್ ಸೆಕ್ಷನ್ ಇನ್ನೂ ಬಾಗಿಲು ಹಾಕಿಲ್ಲ. ಎಷ್ಟು ಟನ್ನಿನ ಎಸಿ ಬೇಕು ಎಂದು ಅಂಗಡಿಯವನು ಹೇಳಿದರೆ ಇವರು ಒಪ್ಪುತ್ತಾರೆಯೇ? ಒಂದೊಂದು ಕೋಣೆಗೂ ಒಂದೊಂದು ಥರ್ಮಾಮೀಟರ್ ತೂಗುಹಾಕಿದರು. ಹಾಲ್‌ಗೆ, ಎರಡು ಬೆಡ್‌ರೂಮಿಗೆ, ದೇವರ ಮನೆಗೆ, ಕೊನೆಗೆ ಮೆಟ್ಟಿಲ ಕೆಳಗೆ ಹಳೆ ಚಪ್ಪಲಿ ಇಡುವ ಜಾಗಕ್ಕೂ! ದಿನಾ ಊಟಕ್ಕೆ ಮುಂಚೆ ಕನ್ನಡಕ ಏರಿಸಿಕೊಂಡು ಮನೆಯೆಲ್ಲ ಸುತ್ತಿ ಡಿಗ್ರಿ ಓದುವುದು, ಸಂಜೆ ಮಗನ ಜೊತೆ ಅದೇ ಚರ್ಚೆ.

ನಾನು ಒಂದು ದಿನ ಕೇಳಿದೆ, "ಅಡುಗೆಮನೆಗೆ ಯಾಕೆ ಹಾಕಿಲ್ಲ?"

"ಅಲ್ಲಿ ಒಲೆ ಇರುತ್ತಲ್ವೇ? ಅದರ ಶಾಖ ಸೇರ್ಕೊಂಡು ರೀಡಿಂಗ್ ಕೆಟ್ಟೋಗುತ್ತೆ. ಅಡುಗೆಮನೆ ಲೆಕ್ಕಕ್ಕೆ ತಗೊಳ್ಳಂಗಿಲ್ಲ ವತ್ಸಲಾ" ಅಂದರು. ಪಾಠ ಹೇಳುವ ಮೇಷ್ಟ್ರ ಹಾಗೆ. ಮನೆಯಲ್ಲಿ ಎಲ್ಲಕ್ಕಿಂತ ಬಿಸಿಯಾದ ಕೋಣೆ ಕಣೇ ಅದು! ಅದು ಬಿಸಿ ಅನ್ನುವ ಕಾರಣಕ್ಕೇ ಅದನ್ನು ಅಳೆಯುವ ಹಾಗಿಲ್ಲವಂತೆ. ನನಗೆ ಮೈ ಉರಿಯಿತು.

ನಮ್ಮ ಅಡುಗೆಮನೆಯ ಹಿಂದಿನ ಯುಟಿಲಿಟಿ ನೀನು ನೋಡಿದ್ದೀಯ. ಪಾತ್ರೆ ತೊಳೆಯುವ ಸಿಂಕು, ಬಟ್ಟೆ ಒಗೆಯುವ ಮಷೀನು, ಒಂದು ಕರಿಬೇವಿನ ಕುಂಡ, ಪ್ಲಾಸ್ಟಿಕ್ ಸ್ಟೂಲು. ಅಷ್ಟೇ. ಆದರೆ ಹಿಂದಿನ ಸೈಟು ಇನ್ನೂ ಖಾಲಿ ಇರುವುದರಿಂದ ಗ್ರಿಲ್‌ನಿಂದ ಗಾಳಿ ಬೀಸುತ್ತದೆ. ಮಧ್ಯಾಹ್ನದ ಕೆಲಸ ಮುಗಿಸಿ ಕಾಲು ಚಾಚಿ ನಾನು ಕೂರುವುದು ಅಲ್ಲೇ. ಈ ಮನೆಯಲ್ಲಿ ನನ್ನದು ಅನ್ನುವ ಜಾಗ ಅದೊಂದೇ. ಎಸಿಯ ಹೊರಗಿನ ಪೆಟ್ಟಿಗೆ ಎಲ್ಲಿಗೆ ಬಂದು ಕೂತಿತು ಹೇಳು? ಅಲ್ಲಿಗೇ! ರಸ್ತೆ ಕಡೆ ಹಾಕಿದರೆ ಮನೆಯ ಅಂದ ಕೆಡುತ್ತದೆ ಎಂದ ಶ್ರೀಕರ್. ಟೆರೇಸಿಗೆ ಹಾಕಿದರೆ ಪೈಪು ಉದ್ದವಾಗಿ ಕೂಲಿಂಗ್ ಕಡಿಮೆಯಾಗುತ್ತದೆ ಎಂದರು ಇವರು. ಪೆಟ್ಟಿಗೆಯ ಫ್ಯಾನು ನೇರ ನನ್ನ ಸ್ಟೂಲಿನ ಕಡೆಗೆ ಮುಖ ಮಾಡಿಕೊಂಡು ಬುಸುಗುಟ್ಟುತ್ತದೆ. ವಾರದೊಳಗೆ ಕರಿಬೇವು ಒಣಗಿ ಕಡ್ಡಿಯಾಯಿತು.

ಇಷ್ಟಾದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಎಸಿ ಹಾಕಿಸಿದ ಮಾರನೆಯ ದಿನದಿಂದಲೇ ಅಡುಗೆಮನೆ ಬಾಗಿಲು ಮುಚ್ಚಿಸುವ ಕಾರ್ಯಕ್ರಮವೂ ಶುರುವಾಗಿತ್ತು. "ಅತ್ತೆ, ಡೋರ್ ಹಾಕ್ಕೊಂಡ್ಬಿಡಿ, ಕೂಲಿಂಗ್ ಎಲ್ಲಾ ಹೋಗ್ತಿದೆ" ಅಂತ ಸುಕೃತಿ. "ಅಮ್ಮಾ, ಬಾಗ್ಲು!" ಅಂತ ಮಗ. ಇತ್ತ ಒಲೆ, ಅತ್ತ ಪೆಟ್ಟಿಗೆಯ ಬಿಸಿಗಾಳಿ, ನಡುವೆ ಬಾಗಿಲು ಹಾಕಿಕೊಂಡು ನಾನು. ಅವರ ಕೋಣೆಯ ಸೆಕೆಯನ್ನೆಲ್ಲ ಹೊರಗೆ ತಂದು ನನ್ನ ಮುಖಕ್ಕೆ ಊದುತ್ತಿದ್ದಾರೆ ಮರಿಯಮ್ಮ, ಮೇಲೆ ನಾನೇ ಬಾಗಿಲು ಹಾಕಿಕೊಳ್ಳಬೇಕು! ಸೆಕೆಯಾಗುತ್ತದೆ, ಆ ಪೆಟ್ಟಿಗೆಯನ್ನು ಮೇಲಕ್ಕೆ ಹಾಕಿಸಿ ಎಂದೆ. "ನೀನೂ ಇಲ್ಲೇ ಬಂದು ಕೂತ್ಕೋಬಾರ್ದಾ? ಯಾರು ಬೇಡ ಅಂದ್ರು?" ಅಂದರು ಇವರು. ನಾನು ಹಾಲ್‌ನಲ್ಲಿ ಕೂತರೆ ಹುಳಿ ತಾನೇ ಕುದಿಯುತ್ತದೆಯೇ?

ಸರಿ, ಬಂದೇ ಕೂತೆ. ವರ್ಷದ ಹುಳಿಪುಡಿ ಮಾಡುವ ಕಾಲವಲ್ಲವೇ? ಬ್ಯಾಡಗಿ ಮೆಣಸಿನಕಾಯಿ ಟೆರೇಸಿನಲ್ಲಿ ಒಣಗಿ ಗರಿಗರಿಯಾಗಿತ್ತು. ಕಳೆದ ಬುಧವಾರ ಕರೆಂಟ್ ಒಲೆಯನ್ನು ಹಾಲ್‌ಗೆ ತಂದೆ, ಎಸಿಯ ಕೆಳಗೇ ಇಟ್ಟೆ, ದೊಡ್ಡ ಕಬ್ಬಿಣದ ಬಾಣಲೆ ಏರಿಸಿ ಮೆಣಸಿನಕಾಯಿ ಹುರಿಯಲು ಕೂತೆ. ಎಲ್ಲ ಕಿಟಕಿ ಭದ್ರವಾಗಿ ಮುಚ್ಚಿದ್ದವು. ಆಮೇಲೆ ಆದದ್ದನ್ನು ನೀನೇ ಊಹಿಸಿಕೋ. ಸುಕೃತಿ ಮೀಟಿಂಗ್‌ನಲ್ಲಿ ಯಾರಿಗೋ "ಸಾರಿ, ಸಾರಿ" ಎನ್ನುತ್ತಾ ಕೆಮ್ಮುತ್ತಿದ್ದಾಳೆ, ಶ್ರೀಕರ್ ಬಾತ್‌ರೂಮಿಗೆ ಓಡಿದ. ಇವರು ಟವೆಲ್ಲಿನಲ್ಲಿ ಮೂಗು ಮುಚ್ಚಿಕೊಂಡು, "ಏನೇ ಇದು! ತಲೆ ಕೆಟ್ಟಿದೆಯೇನೇ ನಿಂಗೆ? ಕಿಟಕಿ ತೆಗಿ ಮೊದ್ಲು!" ಎಂದು ಕೂಗಿದರು.

"ಅಯ್ಯೋ, ಕೂಲಿಂಗ್ ಹೋಗುತ್ತಲ್ರೀ" ಅಂದೆ. ನನ್ನ ಕಣ್ಣಿನಲ್ಲೂ ನೀರು ಸುರಿಯುತ್ತಿತ್ತು, ಆದರೂ ಸೌಟು ಬಿಡಲಿಲ್ಲ. ಮೆಣಸಿನಕಾಯಿ ಆದ ಮೇಲೆ ಕೊತ್ತಂಬರಿಬೀಜ, ಅದಾದ ಮೇಲೆ ಮೆಂತ್ಯ, ಒಂದನ್ನೂ ಬಿಡದೆ ಹುರಿದೇ ಎದ್ದೆ.

ಅಂದು ಸಂಜೆಯೇ ಎಸಿಯವನಿಗೆ ಫೋನ್ ಹೋಯಿತು. ಶುಕ್ರವಾರ ಪೆಟ್ಟಿಗೆ ಟೆರೇಸಿಗೆ ಏರಿತು. ಪೈಪು ಉದ್ದವಾಯಿತು, ಹಾಲ್ ಏನೂ ಬಿಸಿಯಾಗಿಲ್ಲ. ಸುಕೃತಿ ಹೊಸ ಕರಿಬೇವಿನ ಗಿಡ ತಂದು ನೆಟ್ಟಳು. "ನಂಗೆ ಹೊಳೀಲೇ ಇಲ್ಲ ಅತ್ತೆ" ಅಂದಳು. ಅವಳ ಮೇಲೆ ನನಗೆ ಕೋಪವಿಲ್ಲ, ಇನ್ನೂ ಚಿಕ್ಕವಳು. ನಮ್ಮವರು ಮಾತ್ರ ಬಂದವರಿಗೆಲ್ಲ "ನಮ್ಮ ವತ್ಸಲಾಳ ಮೆಣಸಿನಕಾಯಿ ಸತ್ಯಾಗ್ರಹ" ಎಂದು ಹೇಳಿಕೊಂಡು ನಗುತ್ತಿದ್ದಾರೆ. ನಗಲಿ.

ಈ ಕಾಗದದ ಜೊತೆ ಹುಳಿಪುಡಿ ಕಳಿಸುತ್ತಿದ್ದೇನೆ, ಖಾರ ಸ್ವಲ್ಪ ಮುಂದಾಗಿದೆ. ನಿನ್ನ ಮೊಮ್ಮಕ್ಕಳು ಚೆನ್ನಾಗಿ ಓದಲಿ, ನೂರು ವರ್ಷ ಬಾಳಲಿ. ನೀನು ಕಿವಿ ಡಾಕ್ಟರಿಗೆ ತೋರಿಸಿಕೋ, ಅಸಡ್ಡೆ ಮಾಡಬೇಡ.

ನಿನ್ನ ಪಕ್ಕದ ಸೀಟಿನ,
ವತ್ಸಲಾ

ತಾ.ಕ: ಸೆಕೆಗಾಗಿ ಅಷ್ಟು ರಂಪ ಮಾಡಿದೆ ಎಂದು ಎಲ್ಲರೂ ತಿಳಿದಿದ್ದಾರೆ. ಅಡುಗೆಮನೆಯಲ್ಲಿ ಬೆಂದವಳಿಗೆ ಸೆಕೆ ಏನು ದೊಡ್ಡದು? ಯಾರಿಗೂ ಹೇಳದ ಮಾತು ನಿನಗೆ ಹೇಳುತ್ತೇನೆ. ಪೆಟ್ಟಿಗೆ ಕೂರಿಸಲು ಬಂದವನು ಹನುಮೇಶ, ರಾಯಚೂರು ಕಡೆಯವನು, ಲಗ್ಗೆರೆಯಲ್ಲಿರುತ್ತಾನೆ. ಮೊದಲ ದಿನ ಗೋಡೆಗೆ ತೂತು ಕೊರೆಯುವ ಮುಂಚೆ ಅವನು ಇವರನ್ನು ಕೇಳಿದ, "ಸರ, ಬಿಸಿಗಾಳಿ ಪೂರಾ ಇಲ್ಲೇ ಬರ್ತೈತ್ರಿ. ಇಲ್ಲಿ ಯಾರರ ಇರ್ತಾರೇನ್ರಿ?" ಇವರು ಯುಟಿಲಿಟಿಯ ಒಳಗೆ ಒಮ್ಮೆ ಇಣುಕಿ ನೋಡಿ, "ಇಲ್ಲಿ ಯಾರೂ ಇರಲ್ಲಪ್ಪ, ಹಾಕು" ಎಂದರು. ನಾನು ಅಲ್ಲೇ ಸಿಂಕಿನ ಮುಂದೆ ನಿಂತು ಅವರಿಬ್ಬರೂ ಕುಡಿದ ಕಾಫಿ ಲೋಟ ತೊಳೆಯುತ್ತಿದ್ದೆ ಕಣೇ. ಹನುಮೇಶ ನನ್ನ ಮುಖ ನೋಡಿದ, ನಾನು ನಲ್ಲಿ ಜೋರಾಗಿ ಬಿಟ್ಟೆ. ಫ್ಯಾಕ್ಟರಿಯಲ್ಲಿ ನಿನ್ನ ಕುರ್ಚಿಯೋ ನನ್ನ ಕುರ್ಚಿಯೋ ಖಾಲಿ ಇದ್ದರೆ ಲೈನೇ ನಿಲ್ಲುತ್ತಿತ್ತು, ಜ್ಞಾಪಕವಿದೆಯೇ? ಇವರು ಸುಳ್ಳು ಹೇಳಲಿಲ್ಲ, ಮರಿಯಮ್ಮ. ಕಣ್ಣಾರೆ ನೋಡಿಯೇ ಹೇಳಿದರು. ನಿನ್ನೆ ಸಂಜೆ ಕಾಫಿಗೆಂದು "ವತ್ಸಲಾ, ವತ್ಸಲಾ" ಎಂದು ಮನೆಯೆಲ್ಲ ಕರೆಯುತ್ತಾ ಓಡಾಡಿದರು. ನಾನು ಸ್ಟೂಲಿನ ಮೇಲೆ ಗಾಳಿಗೆ ಮುಖ ಕೊಟ್ಟು ಕೂತೇ ಇದ್ದೆ, ಓ ಎನ್ನಲಿಲ್ಲ.