ಬಾರದೇ ಹೋದ ಚಂಡಮಾರುತ

ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಎರಡು ಪತ್ರಗಳೂ ಕೈಸೇರಿವೆ. ಇಷ್ಟು ದಿನ ಸುಮ್ಮನಿದ್ದೆನೆಂದು ಬೈಯಬೇಡ. ಬರೆಯಲು ಕೂತಾಗಲೆಲ್ಲ ಏನೋ ಒಂದು ಕೆಲಸ ನೆನಪಾಗಿ ಎದ್ದುಬಿಡುತ್ತಿದ್ದೆ. ಅತ್ತೆ, ಇವರು, ನಾನು ಮನೆಗೆ ಮರಳಿದ್ದೇವೆ. ಕಿಟಕಿಯ ಒಂದು ಗಾಜೂ ಒಡೆದಿಲ್ಲ.

ಟೀವಿಯಲ್ಲಿ ನಮ್ಮ ಊರಿನ ಗಡಿಬಿಡಿ ನೋಡಿ ಭಾವ ನಕ್ಕರೆಂದು ಬರೆದಿದ್ದೀಯ. ನಗಲಿ ಬಿಡು. ಬಾರದ ಗಾಳಿಗೆ ಊರನ್ನೇ ಖಾಲಿ ಮಾಡಿಸಿದರೆಂದು ಇಲ್ಲಿಯವರೂ ನಗುತ್ತಿದ್ದಾರೆ. ಆದರೆ ಆ ದಿನ ನೀನು ಇಲ್ಲಿದ್ದಿದ್ದರೆ ನಗುತ್ತಿರಲಿಲ್ಲ.

ಬೆಳಗ್ಗೆ ನಾನು ಔಷಧಿ ಅಂಗಡಿಯ ಶಟರ್ ಎತ್ತುವ ಮೊದಲೇ ಜನ ಸಾಲುಗಟ್ಟಿದ್ದರು. ಒಂದು ಪಟ್ಟಿ ಬಿಪಿ ಮಾತ್ರೆ ಒಯ್ಯುತ್ತಿದ್ದವರು ಡಬ್ಬಿಗಟ್ಟಲೆ ಕೇಳಿದರು. ಮಕ್ಕಳ ಹಾಲಿನ ಪುಡಿ ಕ್ಷಣದಲ್ಲಿ ಮುಗಿಯಿತು. ಮುದುಕರೊಬ್ಬರು ನಿದ್ದೆ ಮಾತ್ರೆ ಕೇಳಿದರು. ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ ಎಂದೆ. "ಅದು ಬರೋವಾಗ ನನಗೆ ಎಚ್ಚರ ಇರಬಾರದು ಕಣಮ್ಮಾ, ಅಷ್ಟೇ" ಎಂದರು. ಸಾಲಿನಲ್ಲಿದ್ದವರು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಮಧ್ಯಾಹ್ನಕ್ಕೆ ಮೊದಲೇ ಮಾಲೀಕರು ಅಂಗಡಿ ಮುಚ್ಚಿ ನನ್ನನ್ನು ಕಳಿಸಿಬಿಟ್ಟರು.

ಬೀದಿಯುದ್ದಕ್ಕೂ ಕಿಟಕಿಗಳಿಗೆ ಹಲಗೆ ಹೊಡೆಯುವ ಸದ್ದು. ಮೈಕು ಕಟ್ಟಿದ ವ್ಯಾನೊಂದು, ಕಡಲ ಬದಿಯವರೆಲ್ಲ ಸಂಜೆಯೊಳಗೆ ಮನೆ ಬಿಡಬೇಕೆಂದು ಕೂಗುತ್ತ ಹೋಯಿತು. ಮೇಲೆ ನೋಡಿದರೆ ಒಂದು ಮೋಡವಿಲ್ಲ, ಎಲೆ ಅಲುಗುತ್ತಿಲ್ಲ. ಆ ಬಿಸಿಲನ್ನು ನೋಡಿಯೇ ನನಗೆ ಹೆದರಿಕೆ ಶುರುವಾಯಿತು.

ನಮ್ಮ ಕಟ್ಟಡದ ಕೆಳಗೆ ಕ್ಷೌರದ ಅಂಗಡಿ ಇಟ್ಟಿರುವವರನ್ನು ನಾವು ಕತ್ತರಿ ಮಾಮ ಎನ್ನುತ್ತೇವೆ. ಇಡೀ ಬೀದಿಯಲ್ಲಿ ಬಾಗಿಲು ತೆರೆದಿದ್ದದ್ದು ಅವರೊಬ್ಬರದೇ. "ಎಲ್ಲಿಗೆ ಓಡ್ತೀಯಮ್ಮಾ? ಈ ಊರಿನವರು ಫ್ಯಾನ್ ಜೋರಾಗಿ ತಿರುಗಿದ್ರೂ ಗಂಟು ಕಟ್ತಾರೆ" ಎಂದರು.

ಇವರಿಗೆ ಬಸ್ ಡ್ಯೂಟಿ. ಬೆಳಗಿನಿಂದ ಜನರನ್ನು ಊರಾಚೆಯ ಶಾಲೆಗಳಿಗೆ ಸಾಗಿಸುತ್ತಿದ್ದರು. ನಾಲ್ಕನೇ ಮಹಡಿಯಲ್ಲಿ ಅತ್ತೆ ಮಂಡಿನೋವಿನ ಕಾಲು ಚಾಚಿಕೊಂಡು ಕೂತಿದ್ದರು. ಬರುವುದಿಲ್ಲವೆಂದು ಒಂದೇ ಹಟ. "ಹೋದ ವರ್ಷಾನೂ ಹೀಗೇ ಎಳ್ಕೊಂಡು ಹೋದ್ರಿ. ಏನ್ ಬಂತು? ನನಗೆ ನೆಗಡಿ ಬಂತು."

"ಈ ಸಲ ದೊಡ್ಡದಂತೆ ಅತ್ತೆ."

"ಪ್ರತಿ ಸಲ ದೊಡ್ಡದೇ."

ಅವರನ್ನು ಒಪ್ಪಿಸುವಷ್ಟರಲ್ಲಿ ಕರೆಂಟು ತೆಗೆದರು, ಲಿಫ್ಟ್ ನಿಂತಿತು. ಮುಂಜಾಗ್ರತೆಯಂತೆ. ನಾನು ಕೆಳಗೆ ಓಡಿ ಕತ್ತರಿ ಮಾಮನನ್ನು ಕರೆದೆ. ಅವರು ಗೊಣಗುತ್ತಲೇ ಹತ್ತಿ ಬಂದರು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಮುಂದಿನಿಂದ ಅವರು, ಹಿಂದಿನಿಂದ ನಾನು ಹಿಡಿದು ಕತ್ತಲೆಯ ಮೆಟ್ಟಿಲಿಳಿದೆವು. ಪ್ರತಿ ತಿರುವಿನಲ್ಲೂ ಅತ್ತೆ ನನ್ನ ಮಣಿಕಟ್ಟು ಹಿಡಿದು, "ಬಿಡಬೇಡ ಕಣೇ, ಬಿಡಬೇಡ" ಎನ್ನುತ್ತಿದ್ದರು. ಬಿಡಲಿಲ್ಲ.

ಬಸ್ಸು ನಮ್ಮನ್ನು ಇಳಿಸಿದ ಶಾಲೆಯ ಸಭಾಂಗಣದಲ್ಲಿ ನೂರಾರು ಜನ. ಕತ್ತಲಾದ ಮೇಲೆ ಗಾಳಿ ಶುರುವಾಯಿತು. ಮೊದಲು ಶಿಳ್ಳೆಯಂತೆ, ಆಮೇಲೆ ಯಾರೋ ಚಾವಣಿಯ ತಗಡನ್ನು ಉಗುರಿನಿಂದ ಕೆರೆಯುವಂತೆ. ಮಕ್ಕಳು ಕೂಡ ಅಳು ನಿಲ್ಲಿಸಿ ಕಿವಿಗೊಟ್ಟರು. "ಸುಮ್ನೆ ಜೊತೆಗೆ ಬಂದೆ" ಎಂದಿದ್ದ ಮಾತಿನ ಮಲ್ಲ ಕತ್ತರಿ ಮಾಮ ಅತ್ತೆಯ ಕುರ್ಚಿಗೆ ಆತುಕೊಂಡು ಕಣ್ಣುಮುಚ್ಚಿ ಕೂತಿದ್ದರು. ನಾನು ಗೋಡೆಯ ಕಡೆ ಮುಖಮಾಡಿ ಮುದುರಿಕೊಂಡೆ. ತಗಡು ಈಗ ಹಾರುತ್ತದೆ, ಈಗ ಹಾರುತ್ತದೆ ಎಂದುಕೊಳ್ಳುತ್ತಲೇ ಬೆಳಗಾಯಿತು. ಗಾಳಿ ದಿಕ್ಕು ಬದಲಿಸಿ ಕಡಲಿಗೇ ಹೋಯಿತೆಂದು ರೇಡಿಯೋದಲ್ಲಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಮನೆ ತಲುಪುವಷ್ಟರಲ್ಲಿ ನಗರಸಭೆಯನ್ನು ಬೈಯತೊಡಗಿದ್ದರು.

ಅತಿಯಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ ಅಕ್ಕ. ಬಂದಿದ್ದರೆ ಯಾರೂ ಅತಿಯೆನ್ನುತ್ತಿರಲಿಲ್ಲ. ಇಂದು ಬೆಳಗ್ಗೆ ಮತ್ತೆ ಅದೇ ವ್ಯಾನು ಬಂದಿದೆ. ಇನ್ನೊಂದು ಚಂಡಮಾರುತ ಬರುತ್ತಿದೆಯಂತೆ. ಈ ಸಲ ಒಂದು ಸುತ್ತಿಗೆಯ ಸದ್ದೂ ಇಲ್ಲ. ಎದುರು ಮನೆಯವರು ಬಟ್ಟೆ ಒಗೆದು ಮಹಡಿಯ ಮೇಲೆ ಹರವಿದ್ದಾರೆ. ಎಲ್ಲರೂ ಹೆದರಿದ್ದಾಗ ನನ್ನ ಹೆದರಿಕೆ ಅವರ ಹೆದರಿಕೆಯ ಜೊತೆ ಕಲೆತುಹೋಗಿತ್ತು. ಈಗ ನಾನೊಬ್ಬಳೇ ಹೆದರುತ್ತಿದ್ದೇನೆ. ಇವರು ಆಗಲೇ ಡಿಪೋಗೆ ಹೋದರು.

ಮಕ್ಕಳಿಬ್ಬರಿಗೂ ಚಿಕ್ಕಮ್ಮನ ಮುತ್ತು. ಅವರು ನೂರು ಕಾಲ ನಗುನಗುತ್ತಾ ಇರಲಿ. ನಿನಗೂ ಭಾವನಿಗೂ ನನ್ನ ನಮಸ್ಕಾರ.

ನಿನ್ನ ತಂಗಿ,
ಪುಟ್ಟಿ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗಲಿಲ್ಲ. ಈಗ ಎಷ್ಟು ತಿಂಗಳು, ಹುಳಿ ತಿನ್ನಬೇಕೆನಿಸುತ್ತದೆಯೇ ಎಂದು ಎರಡು ಪತ್ರಗಳಲ್ಲೂ ಕೇಳಿದ್ದೀಯ. ಇಲ್ಲ ಅಕ್ಕ. ಆ ಶಾಲೆಯಲ್ಲೇ, ಆ ಗೋಡೆಯ ಪಕ್ಕದಲ್ಲೇ ಹೋಯಿತು. ಹತ್ತಿರದ ಆಸ್ಪತ್ರೆಗಳನ್ನೆಲ್ಲ ಖಾಲಿ ಮಾಡಿಸಿದ್ದರು. ಮರುದಿನ ಡಾಕ್ಟರು, "ಕುರ್ಚಿ ಎತ್ತಿದ್ದಕ್ಕೇ ಆಯ್ತು ಅಂತ ಹೇಳಕ್ಕಾಗಲ್ಲಮ್ಮಾ. ಮನೇಲಿ ಮಲಗಿದ್ರೂ ಆಗ್ತಿತ್ತೇನೋ" ಎಂದರು. ಇವರು ಒಂದು ಮಾತೂ ಆಡಲಿಲ್ಲ, ಈಗಲೂ ಆಡುತ್ತಿಲ್ಲ. ಮೂರು ತಿಂಗಳು ತುಂಬಲಿ, ಆಮೇಲೆ ಹೇಳೋಣ ಎಂದು ಅತ್ತೆಗೆ ತಿಳಿಸಿರಲಿಲ್ಲ. ಈಗ ಹೇಳಿ ಏನು ಮಾಡಲಿ? ಈ ಸಲ ಅವರು ಹಟ ಮಾಡುತ್ತಿಲ್ಲ. ವ್ಯಾನಿನ ಸದ್ದು ಕೇಳಿದ ಕೂಡಲೇ ಸ್ವೆಟರು ಹಾಕಿಕೊಂಡು ಬಾಗಿಲ ಬಳಿ ಕೂತಿದ್ದಾರೆ. ಲಿಫ್ಟ್ ಆಗಲೇ ನಿಂತಿದೆ. "ಹೋದ ಸಲದ ಹಾಗೆ ಹಿಂದಿನಿಂದ ನೀನೇ ಹಿಡ್ಕೋ ಮಗಳೇ. ನೀನು ಹಿಡಿದ್ರೆ ನನಗೆ ಭಯ ಆಗಲ್ಲ" ಎನ್ನುತ್ತಿದ್ದಾರೆ.