ನೀಲಿ ಅಂಗಿಯ ಬೂಷ್ಟು

ಕೀಲುಂಗ್ ಬಂದರು,
ಜನವರಿ ೧೪, ೧೯೭೮

ನನ್ನ ಮನೆಯ ಯಜಮಾನರಿಗೆ,

ಹೇಗಿದ್ದೀರಿ? ಸೊಂಟದ ನೋವು ಕಡಿಮೆಯಾಯಿತೇ? ಹೊಟ್ಟೆಗೆ ಬಿಸಿಯಾಗಿ ಏನಾದರೂ ಸಿಗುತ್ತಿದೆಯೇ? ಮೂರು ತಿಂಗಳ ಹಿಂದೆ ಚಂಡಮಾರುತದಲ್ಲಿ ಮೀನು ಹಿಡಿಯುವ ಬೋಟಿನ ಸುದ್ದಿಯೇ ನಿಂತುಹೋದ ಗಂಡನಿಗೆ ಇಂಥ ಪ್ರಶ್ನೆ ಕೇಳುವವಳನ್ನು ಹುಚ್ಚಿ ಅನ್ನುತ್ತಾರೆ. ಅನ್ನಲಿ ಬಿಡಿ. ನಾನೂ ಮಗಳು ಆ-ಯೆನ್ನೂ ಚೆನ್ನಾಗಿದ್ದೇವೆ. ಅವಳ ಮುಂದಿನ ಹಲ್ಲು ಬಿದ್ದಿದೆ, ಅಪ್ಪನಿಗೆ ತೋರಿಸಬೇಕೆಂದು ಡಬ್ಬಿಯಲ್ಲಿಟ್ಟಿದ್ದಾಳೆ.

ಮಳೆ ಬಿಟ್ಟಿಲ್ಲ. ಹಬ್ಬಕ್ಕೆ ಬಂದ ನಿಮ್ಮ ಚಿಕ್ಕಪ್ಪನ ಹಾಗೆ, ಏಳುವ ಲಕ್ಷಣವೇ ಇಲ್ಲ. ಗೋಡೆಗಳು ಬೆವರುತ್ತಿವೆ. ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದು ಹಿಂದೆ ಗಾಳಿಯಾಡಲು ಬಿಟ್ಟಿದ್ದೇನೆ, ಒಳಗೆ ತೇವ ಹೀರಲು ಇದ್ದಿಲು ಇಟ್ಟಿದ್ದೇನೆ. ಗೋಡೆಯ ಬೂಷ್ಟನ್ನು ನಿಮ್ಮ ಅಕ್ಕಿ ಸಾರಾಯಿಯಿಂದಲೇ ಒರೆಸಿದೆ. ಬೈಯಬೇಡಿ, ಕುಡಿಯುವವರು ಮನೆಯಲ್ಲಿರಬೇಕಿತ್ತು. ನಿಮ್ಮ ಬಟ್ಟೆಗಳನ್ನೆಲ್ಲ ಒಗೆದು, ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಅದರ ಮೇಲೆ ಹರಡಿ ಒಣಗಿಸಿಟ್ಟಿದ್ದೇನೆ. ಒಗೆಯದೆ ಉಳಿದಿದ್ದು ಒಂದೇ, ಹೊರಡುವ ಬೆಳಿಗ್ಗೆ ನೀವು ಬಿಚ್ಚಿ ಮಂಚದ ಮೇಲೆ ಎಸೆದು ಹೋದ ನೀಲಿ ಅಂಗಿ. ಅದರಲ್ಲಿ ನಿಮ್ಮ ಬೆವರು, ಡೀಸೆಲ್ಲು, ಆ ಹಾಳು ಸಿಗರೇಟು ಎಲ್ಲ ಇದೆ. ಆ-ಯೆನ್ ಶಾಲೆಗೆ ಹೋದ ಮೇಲೆ ಅದನ್ನು ಮುಖಕ್ಕೆ ಒತ್ತಿಕೊಂಡು ಕೂರುತ್ತೇನೆ. ಈಗ ಅದರ ಕೊರಳಪಟ್ಟಿಗೂ ಬೂಷ್ಟು ಹತ್ತಿದೆ. ಪಕ್ಕದ ಮನೆಯ ಸುಯಿ-ಕಿಮ್ ಅಕ್ಕ ನೋಡಿ, "ಬೆವರಿದ್ದ ಕಡೆನೇ ಬೂಷ್ಟು ಮೊದ್ಲು ಬರೋದು ಕಣೇ. ಒಗೆದ್ರೆ ಅಂಗಿ ಉಳಿಯುತ್ತೆ, ಇಲ್ಲಾಂದ್ರೆ ಅದೂ ಹೋಗುತ್ತೆ" ಎಂದರು. ನಿಮ್ಮ ವಾಸನೆ ಹೋದೀತೆಂದು ನನಗೆ ಕೈಯೇ ಬರಲಿಲ್ಲ.

ನಿನ್ನೆ ಅತ್ತೆ ಬಂದಿದ್ದರು. ಮುಂದಿನ ತಿಂಗಳು ಬರುವ ನಮ್ಮ ಹೊಸ ವರ್ಷದೊಳಗೆ ನಿಮ್ಮ ಕರ್ಮ ಮುಗಿಸಬೇಕಂತೆ. ದಡದಲ್ಲಿ ಬಿದಿರುಕೋಲಿಗೆ ನಿಮ್ಮ ಅಂಗಿ ಕಟ್ಟಿ ಪೂಜಾರಿ ಹೆಸರು ಹಿಡಿದು ಕೂಗಿದರೆ ಆತ್ಮ ಬಂದು ಅದರೊಳಗೆ ಸೇರುತ್ತದಂತೆ, ಆಮೇಲೆ ಅಂಗಿಯನ್ನು ಪೆಟ್ಟಿಗೆಯಲ್ಲಿಟ್ಟು ಹೂಳುವುದಂತೆ. "ಒಗೆದಿದ್ದು ನಡೆಯಲ್ಲ, ಮೈವಾಸನೆ ಇಲ್ದಿದ್ರೆ ಆತ್ಮಕ್ಕೆ ಗುರುತು ಹತ್ತಲ್ಲ" ಎಂದು ಪೂಜಾರಿ ಕಟ್ಟುನಿಟ್ಟಾಗಿ ಹೇಳಿದ್ದಾನೆ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅತ್ತೆ, "ನನ್ ಮಗ ನೀರಲ್ಲಿ ನಡುಗ್ತಾ ಇದಾನಲ್ಲೇ, ನಿನಗೆ ಒಂದ್ ಅಂಗಿ ಹೆಚ್ಚಾಯ್ತಾ?" ಎಂದು ನೆಲಕ್ಕೆ ಕುಸಿದು ಅತ್ತರು. ಹೆತ್ತ ಕರುಳು. ಎಬ್ಬಿಸಿ ಕೂರಿಸಿ ಬಿಸಿ ಚಹಾ ಕೊಟ್ಟೆ. ಅಂಗಿ ಒಯ್ಯಲು ನಾಳೆ ಬೆಳಿಗ್ಗೆ ಮತ್ತೆ ಬರುತ್ತಾರಂತೆ.

ಎಲ್ಲಿದ್ದರೂ ಬೆಚ್ಚಗಿರಿ. ಕಡಲ ತಾಯಿ ನಿಮ್ಮ ಕೈ ಬಿಡದಿರಲಿ. ಮಗಳು ಹಲ್ಲಿಲ್ಲದ ಬಾಯಲ್ಲಿ ಮುತ್ತು ಕೊಟ್ಟಿದ್ದಾಳೆ.

ನಿಮ್ಮವಳು,
ಗ್ಯೊಕ್-ಲಾನ್

ತಾ. ಕ.: ಕಾಗದ ಮಡಿಸಿಟ್ಟು ಎದ್ದವಳು ಆ ಅಂಗಿಯನ್ನು ಒಗೆದುಬಿಟ್ಟೆ ರೀ. ಬಿಸಿನೀರಿಗೆ ಹಾಕಿ, ಸಾಬೂನು ತಿಕ್ಕಿ ತಿಕ್ಕಿ ಒಗೆದೆ. ಮೂಸಿ ನೋಡಿದೆ, ಬರೀ ಸಾಬೂನು. ಇನ್ನು ಅದನ್ನು ಹಿಡಿದು ಯಾರೂ ನಿಮ್ಮನ್ನು ಸತ್ತವರ ಹಾಗೆ ಕೂಗಲಾರರು. ನನ್ನ ಹತ್ತಿರವೂ ನಿಮ್ಮದು ಏನೂ ಉಳಿಯಲಿಲ್ಲ. ಅಂಗಿ ಕೆಂಡದ ಮೇಲೆ ಒಣಗುತ್ತಿದೆ. ಬೇಗ ಬಂದು ಕೊಳೆ ಮಾಡಿ.